ಹೊಸ ಲೆಕ್ಕಕ್ಕೆ ಮನೆಮಾತು, ಹೊಸ ಮಾತಿಗೆ ಹಳೇ ಲೆಕ್ಕ

‘7ನ್ನು 15ರಿಂದ ಕಳೆಯಿರಿ.’

ಮೂರನೇ ತರಗತಿಯ ಮಗು ಈ ಲೆಕ್ಕಕ್ಕೆ ಮೇಲೆ 7, ಅದರ ಕೆಳಗೆ 15 ಬರೆಯುತ್ತದೆ. ಬಿಡಿಸ್ಥಾನದಲ್ಲಿ 7ರಲ್ಲಿ 5 ಹೋದರೆ 2. ಹತ್ತರ ಸ್ಥಾನದಲ್ಲಿ ಮೇಲೆ ಏನೂ ಇಲ್ಲ, ಹಾಗಾಗಿ ಕೆಳಗಿನ 1 ಹಾಗೇ ಇಳಿಯುತ್ತದೆ. ಉತ್ತರ 12. ಕೆಂಪು ಶಾಯಿಯ ಗೀಟು ಬೀಳುತ್ತದೆ, ಪಕ್ಕದಲ್ಲಿ ‘ಕಳೆಯುವ ಲೆಕ್ಕ ಇನ್ನೂ ಅಭ್ಯಾಸ ಬೇಕು’ ಎಂಬ ಷರಾ. ಅದೇ ಮಗುವಿನ ಮುಂದೆ 15 ಹುಣಸೆಬೀಜ ಹರಡಿ, ಏಳನ್ನು ಮುಷ್ಟಿಯೊಳಗೆ ಮುಚ್ಚಿ ‘ಈಗೆಷ್ಟು?’ ಅಂದರೆ ಥಟ್ಟನೆ ಎಂಟು ಅನ್ನುತ್ತದೆ. ಅದಕ್ಕೆ ಕಳೆಯಲು ಬರುತ್ತದೆ. ಬಾರದಿರುವುದು ‘ರಿಂದ’.

ಆ ಪ್ರತ್ಯಯವನ್ನು ಸ್ವಲ್ಪ ಹತ್ತಿರದಿಂದ ನೋಡಿ. ‘15ರಿಂದ 7ನ್ನು ಕಳೆ’ ಎಂಬಲ್ಲಿ ರಿಂದ ಹತ್ತಿರುವುದು ದೊಡ್ಡ ಸಂಖ್ಯೆಗೆ, ಅಂದರೆ ಯಾವುದರೊಳಗಿಂದ ತೆಗೆಯಬೇಕೋ ಅದಕ್ಕೆ. ‘15ನ್ನು 3ರಿಂದ ಭಾಗಿಸು’ ಎಂಬಲ್ಲಿ ಅದು ಚಿಕ್ಕ ಸಂಖ್ಯೆಗೆ, ಭಾಜಕಕ್ಕೆ ಹತ್ತಿದೆ. ‘4ನ್ನು 6ರಿಂದ ಗುಣಿಸು’ ಅಂದಾಗ ಯಾವುದು ಮೊದಲು ಬಂದರೂ ಉತ್ತರ ಅದೇ. ‘1ರಿಂದ 20ರವರೆಗೆ ಬರೆ’ ಅಂದಾಗ ಇನ್ನೊಂದು ಅರ್ಥ. ಮನೆಯಲ್ಲಿ ಕನ್ನಡ ಕೇಳಿ ಬೆಳೆದ ಮಗುವಿಗೆ ಕಿವಿಯೇ ಇದನ್ನೆಲ್ಲ ವಿಂಗಡಿಸಿ ಕೊಟ್ಟಿರುತ್ತದೆ. ಹಾಗೆ ಬೆಳೆಯದ ಮಗು ಎಡದಿಂದ ಬಲಕ್ಕೆ ಕಂಡ ಸಂಖ್ಯೆಗಳನ್ನು ಕಂಡ ಕ್ರಮದಲ್ಲೇ ಮೇಲೆ ಕೆಳಗೆ ಬರೆದುಕೊಳ್ಳುತ್ತದೆ. ಅದರ ಜಾಗದಲ್ಲಿ ಯಾರಿದ್ದರೂ ಅದನ್ನೇ ಮಾಡುತ್ತಿದ್ದರು.

ಕೊಡಗಿನಲ್ಲಿ ಅಂಥ ಮಕ್ಕಳು ಬಹಳ. ಒಂದೇ ಕೊಠಡಿಯಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ಬ್ಯಾರಿ ಆಡುವ ಮಕ್ಕಳು ಕೂತಿರುತ್ತಾರೆ. ತಿತಿಮತಿ, ಕುಟ್ಟದ ಕಡೆ ಯರವ, ಜೇನುಕುರುಬ, ಬೆಟ್ಟಕುರುಬ ಹಾಡಿಗಳ ಮಕ್ಕಳು. ಸಿದ್ದಾಪುರ, ಸುಂಟಿಕೊಪ್ಪದ ಕಡೆ ಕಾಫಿ ತೋಟದ ಕೂಲಿಯವರ ಲೈನ್ ಮನೆಗಳಲ್ಲಿ ಅಸ್ಸಾಮಿನಿಂದ ಬಂದವರ ಮಕ್ಕಳು. ಇವರಿಗೆಲ್ಲ ಶಾಲೆಯ ಕನ್ನಡವೇ ಎರಡನೇ ಭಾಷೆ, ಇಂಗ್ಲಿಷ್ ಮೂರನೆಯದು. ಇಂಗ್ಲಿಷ್ ಮಾಧ್ಯಮಕ್ಕೆ ಹೋಗುವ ಮಕ್ಕಳಿಗೆ ಇದೇ ತೊಡಕು ಬೇರೆ ದಿಕ್ಕಿನಿಂದ ಬರುತ್ತದೆ.

ಇಲ್ಲಿ ನಾವು ಹಿಡಿದುಕೊಂಡು ಹೋಗುವ ಸೂತ್ರ ಒಂದೇ: ಹೊಸ ಲೆಕ್ಕ ಹೇಳಿಕೊಡುವಾಗ ಮಗುವಿಗೆ ಚೆನ್ನಾಗಿ ಬರುವ ಭಾಷೆ, ಹೊಸ ಭಾಷೆ ಹೇಳಿಕೊಡುವಾಗ ಮಗುವಿಗೆ ಚೆನ್ನಾಗಿ ಬರುವ ಲೆಕ್ಕ. ಎರಡೂ ಹೊಸದಾಗಿರುವ ಪಾಠ ಒಂದೇ ದಿನ ಬೇಡ. ಪಠ್ಯಪುಸ್ತಕ ಇದನ್ನು ನೋಡಿಕೊಳ್ಳುವುದಿಲ್ಲ. ಭಾಗಾಕಾರ ಶುರುವಾಗುವ ಪುಟದಲ್ಲೇ ‘ತಲಾ’, ‘ಸಮನಾಗಿ ಹಂಚು’, ‘ಶೇಷ’ ಮೂರೂ ಒಟ್ಟಿಗೆ ಬಂದು ಕೂರುತ್ತವೆ. ಬಿಡಿಸಿ ಕೊಡಬೇಕಾದವರು ನಾವು.

ಮೊದಲು ಮಾಡಬೇಕಾದ್ದು ತಪ್ಪು ಎಲ್ಲಿ ಹುಟ್ಟುತ್ತಿದೆ ಎಂದು ಪತ್ತೆ ಹಚ್ಚುವುದು. ಒಂದು ಮಗುವಿಗೆ ಹತ್ತು ನಿಮಿಷ ಸಾಕು. ಒಂದೇ ಕಷ್ಟದ ನಾಲ್ಕು ಲೆಕ್ಕ ತೆಗೆದುಕೊಳ್ಳಿ: 14ರಲ್ಲಿ 6, 15ರಲ್ಲಿ 7, 16ರಲ್ಲಿ 9, 13ರಲ್ಲಿ 5. ಮೊದಲನೆಯದನ್ನು ಬೀಜ ಇಟ್ಟು, ಮಾತಿಲ್ಲದೆ, ಕೈಸನ್ನೆಯಲ್ಲೇ ಕೇಳಿ. ಎರಡನೆಯದನ್ನು ಮನೆಮಾತಿನಲ್ಲಿ ಕೇಳಿಸಿ. ನಿಮಗೆ ಆ ಭಾಷೆ ಬಾರದಿದ್ದರೆ ಅದೇ ಮನೆಯ ಅಥವಾ ಅದೇ ಹಾಡಿಯ ದೊಡ್ಡ ಮಗುವಿನಿಂದ ಹೇಳಿಸಿ, ಆದರೆ ಉತ್ತರ ಹೇಳಿಕೊಡಬಾರದು ಎಂದು ಮೊದಲೇ ತಾಕೀತು ಮಾಡಿ. ಮೂರನೆಯದನ್ನು ಬರೀ ಅಂಕಿಯಲ್ಲಿ ಬರೆದುಕೊಡಿ. ನಾಲ್ಕನೆಯದನ್ನು ಪುಸ್ತಕದ ಕನ್ನಡದಲ್ಲಿ ಓದಿಸಿ. ಬೀಜದಲ್ಲೇ ಎಡವಿದರೆ ಕಲ್ಪನೆಯೇ ಕೂತಿಲ್ಲ. ಬೀಜ ಸರಿ, ಅಂಕಿ ತಪ್ಪು ಅಂದರೆ ಬರೆಯುವ ಕ್ರಮದ ತೊಂದರೆ. ಮೂರೂ ಸರಿಯಾಗಿ ನಾಲ್ಕನೆಯದೊಂದು ಮಾತ್ರ ತಪ್ಪಿದರೆ ಇನ್ನೂ ಐವತ್ತು ಲೆಕ್ಕ ಕೊಟ್ಟು ಪ್ರಯೋಜನವಿಲ್ಲ, ಭಾಷೆಯ ಕಡೆ ತಿರುಗಿ.

ಆಸ್ಟ್ರೇಲಿಯಾದ ಗಣಿತ ಶಿಕ್ಷಣ ಸಂಶೋಧಕಿ ಆ್ಯನ್ ನ್ಯೂಮನ್ 1977ರಲ್ಲೇ ಇದಕ್ಕೊಂದು ಕ್ರಮ ಹಾಕಿಕೊಟ್ಟಿದ್ದಾರೆ. ಮಗುವಿಗೆ ಸಾಲಾಗಿ ಐದು ಮಾತು ಹೇಳಬೇಕು: ಲೆಕ್ಕ ಓದು. ಏನು ಕೇಳಿದ್ದಾರೆ, ಹೇಳು. ಹೇಗೆ ಮಾಡುತ್ತೀಯ? ಮಾಡಿ ತೋರಿಸು. ಈಗ ಉತ್ತರ ಬರೆ. ಎಷ್ಟನೆಯದರಲ್ಲಿ ಮಗು ನಿಲ್ಲುತ್ತದೋ ಪಾಠ ಅಲ್ಲಿಂದ. ‘ಏನು ಕೇಳಿದ್ದಾರೆ’ ಎಂಬುದಕ್ಕೆ ಉತ್ತರವನ್ನು ಮಗು ಯಾವ ಭಾಷೆಯಲ್ಲಿ ಬೇಕಾದರೂ ಕೊಡಲಿ. ಬಹಳ ಮಕ್ಕಳು ಅಲ್ಲಿ ಸುಮ್ಮನಾಗುವುದು ಗೊತ್ತಿಲ್ಲದೆ ಅಲ್ಲ, ಕನ್ನಡದಲ್ಲೇ ಹೇಳಬೇಕೇನೋ ಎಂಬ ಅಂಜಿಕೆಯಿಂದ.

ಇನ್ನು ಆ ಕಷ್ಟದ ಪದಗಳು. ಹಳೆಯ ಕ್ಯಾಲೆಂಡರಿನ ಹಿಂಬದಿ ಸಾಕು. ಎಡಗಡೆ ಒಂದರ ಕೆಳಗೊಂದು ಬರೆಯಿರಿ: ಒಟ್ಟು, ಉಳಿದ, ಹೆಚ್ಚು, ಕಡಿಮೆ, ತಲಾ, ರಂತೆ, ಸಮನಾಗಿ, ವ್ಯತ್ಯಾಸ, ಪ್ರತಿ, ಶೇಷ. ಪಕ್ಕದಲ್ಲಿ ತರಗತಿಯ ಮನೆಮಾತುಗಳಿಗೆ ಒಂದೊಂದು ಅಂಕಣ. ಆ ಪದಗಳನ್ನು ಮಕ್ಕಳೇ ಮನೆಯಲ್ಲಿ ಕೇಳಿಕೊಂಡು ಬರಬೇಕು, ಕನ್ನಡ ಲಿಪಿಯಲ್ಲಿ ಬರೆಯಬೇಕು. ವಾರಕ್ಕೆ ಎರಡೇ ಪದ. ಹತ್ತನ್ನೂ ಒಂದೇ ದಿನ ಬರೆಸಿ ಗೋಡೆಗೆ ಅಂಟಿಸಿದರೆ ಅದು ಅಲಂಕಾರವಾಗಿ ಉಳಿಯುತ್ತದೆ.

‘ತಲಾ’ ಎಂಬುದನ್ನೇ ತೆಗೆದುಕೊಳ್ಳಿ. ‘12 ಮಕ್ಕಳಿಗೆ ತಲಾ 3 ಪೆನ್ಸಿಲ್ ಕೊಟ್ಟರೆ ಒಟ್ಟು ಎಷ್ಟು ಪೆನ್ಸಿಲ್?’ ಮಗು 15 ಎಂದು ಬರೆಯುತ್ತದೆ, ಯಾಕೆಂದರೆ ‘ಒಟ್ಟು’ ಒಂದೇ ಅದಕ್ಕೆ ಗೊತ್ತಿರುವ ಪದ. ನಾಲ್ಕು ಮಕ್ಕಳನ್ನು ನಿಲ್ಲಿಸಿ. ಒಬ್ಬೊಬ್ಬರ ತಲೆ ಮುಟ್ಟಿ ‘ತಲೆಗೆ ಮೂರು’ ಎನ್ನುತ್ತಾ ಮೂರು ಮೂರು ಕಡ್ಡಿ ಕೈಗಿಡಿ. ಮಲಯಾಳದ ಮಗುವಿಗೆ ‘ತಲ’ ಅಂದರೂ ತಲೆಯೇ. ಅರೆಭಾಷೆ, ಕೊಡವ ತಕ್ಕ್ ಆಡುವ ಮಕ್ಕಳಿಗೆ ‘ಮಂಡೆಗೆ ಮೂರು’ ಅನ್ನಿ. ಮೂರನೇ ದಿನ ತಲೆ ಮುಟ್ಟುವುದನ್ನು ಬಿಟ್ಟು ‘ತಲಾ ಮೂರು’ ಎಂದಷ್ಟೇ ಹೇಳಿ, ಮಕ್ಕಳೇ ಹಂಚಲಿ. ಅದಾದ ಮೇಲೆ ಪುಸ್ತಕದ ವಾಕ್ಯ. ಇದೇ ದಾರಿಯಲ್ಲಿ ‘ರಂತೆ’ಯೂ ಬರುತ್ತದೆ: ಕೆ.ಜಿ.ಗೆ 5 ರೂಪಾಯಿಯಂತೆ 84 ಕೆ.ಜಿ. ಕಾಫಿ ಹಣ್ಣು. ಕುಯ್ಲಿನ ಕಾಲದಲ್ಲಿ ಸಂಜೆ ತೂಕದ ಹತ್ತಿರ ನಿಂತಿರುವ ಮಗುವಿಗೆ ಇದರ ಅರ್ಥ ಚೆನ್ನಾಗಿ ಗೊತ್ತು, ಕನ್ನಡದ ‘ಯಂತೆ’ಯೊಂದು ಸೇರಬೇಕು ಅಷ್ಟೆ. ಆದರೆ ‘ನಿನ್ನ ಅಮ್ಮನಿಗೆ ಎಷ್ಟು ಕೂಲಿ ಸಿಕ್ಕಿತು’ ಎಂದು ತರಗತಿಯ ಮುಂದೆ ಕೇಳಬೇಡಿ. ಮನೆಯ ಕಷ್ಟ ಕಪ್ಪುಹಲಗೆಯ ಮೇಲೆ ಬರಬಾರದು.

‘ಹೆಚ್ಚು’ ಇನ್ನೂ ಕಷ್ಟ. ‘ಪೊನ್ನುವಿನ ಬಳಿ 8 ಗೋಲಿ ಇವೆ. ಅದು ಮುತ್ತುವಿನ ಬಳಿ ಇರುವುದಕ್ಕಿಂತ 3 ಹೆಚ್ಚು. ಮುತ್ತುವಿನ ಬಳಿ ಎಷ್ಟು?’ ಮಕ್ಕಳು 11 ಬರೆಯುತ್ತಾರೆ. ಇದಕ್ಕೆ ಅರ್ಧ ಕಾರಣ ನಾವೇ. ‘ಹೆಚ್ಚು ಅಂದರೆ ಕೂಡಿಸು, ಕಡಿಮೆ ಅಂದರೆ ಕಳೆ’ ಎಂಬ ಸುಲಭದ ಗುಟ್ಟನ್ನು ಎರಡನೇ ತರಗತಿಯಲ್ಲಿ ಹೇಳಿಕೊಟ್ಟಿರುತ್ತೇವೆ, ಅದು ನಾಲ್ಕನೆಯದರಲ್ಲಿ ಕೈಕೊಡುತ್ತದೆ. ಮಲಯಾಳದಲ್ಲಿ ‘ಹೆಚ್ಚು’ ಎಂಬುದಕ್ಕೆ ‘ಕೂಡುದಲ್’ ಎನ್ನುತ್ತಾರೆ, ಆ ಮಕ್ಕಳಿಗಂತೂ ಕನ್ನಡದ ‘ಕೂಡು’ ಕಿವಿಯಲ್ಲೇ ಇರುತ್ತದೆ. ಆ ಗುಟ್ಟನ್ನು ಯಾವ ತರಗತಿಯಲ್ಲೂ ಹೇಳಿಕೊಡಬೇಡಿ ಎಂಬುದು ನಮ್ಮ ಕಳಕಳಿಯ ಮಾತು. ಅದರ ಬದಲು ಲೆಕ್ಕಕ್ಕೆ ಮೊದಲು ಒಂದೇ ಪ್ರಶ್ನೆ ಕೇಳಿ: ಯಾರ ಹತ್ತಿರ ಜಾಸ್ತಿ ಇದೆ? ಮಗು ‘ಪೊನ್ನು’ ಅಂದ ಮೇಲೆ ಎರಡು ಸಾಲು ಕಡ್ಡಿ ಇಡಿಸಿ. ಮೇಲಿನ ಸಾಲು ಪೊನ್ನುವಿನದು, ಎಂಟು. ಕೆಳಗಿನದು ಮೂರು ಕಡ್ಡಿ ಗಿಡ್ಡ. ಉಳಿದದ್ದನ್ನು ಮಗು ಎಣಿಸಿಕೊಳ್ಳುತ್ತದೆ.

ಸಂಖ್ಯೆಗಳ ಹೆಸರಿನಲ್ಲೂ ಎಡವುವ ಕಲ್ಲುಗಳಿವೆ. ಇಪ್ಪತ್ತು, ಎಪ್ಪತ್ತು: ಮೊದಲ ಸ್ವರವೊಂದೇ ವ್ಯತ್ಯಾಸ. ಎಂಬತ್ತು, ಒಂಬತ್ತು, ತೊಂಬತ್ತು: ಕಿವಿಗೆ ಒಂದೇ ಥರ. ಉಕ್ತಲೇಖನದಲ್ಲಿ 72ರ ಬದಲು 22 ಬರೆದ ಮಗುವಿಗೆ ಸ್ಥಾನಬೆಲೆ ಗೊತ್ತಿಲ್ಲ ಎಂದು ತೀರ್ಮಾನಿಸಬೇಡಿ, ಕೇಳಿಸಿದ್ದೇ ಹಾಗಿರಬಹುದು. ಹತ್ತರ ಕಟ್ಟುಗಳನ್ನು ತೋರಿಸುತ್ತಾ ಹೇಳಿದರೆ ಕಿವಿ ಕಲಿಯುತ್ತದೆ. ಬಿದಿರಿನ ಸಣ್ಣ ಕಡ್ಡಿ, ಹತ್ತಕ್ಕೊಂದು ರಬ್ಬರ್ ಬ್ಯಾಂಡ್, ಒಂಬತ್ತು ಕಟ್ಟು, ಮೇಲೆ ಬಿಡಿಯಾಗಿ ಹತ್ತು. ಕಟ್ಟನ್ನು ಮಕ್ಕಳೇ ಕಟ್ಟಬೇಕು. ನಾವು ಕಟ್ಟಿಕೊಟ್ಟರೆ ಅದರೊಳಗೆ ಹತ್ತಿದೆ ಎಂಬ ನಂಬಿಕೆ ಬರುವುದಿಲ್ಲ, ಮತ್ತೆ ಮತ್ತೆ ಬಿಚ್ಚಿ ಎಣಿಸುತ್ತವೆ. ಕೊಡವ ತಕ್ಕ್‌ನ ‘ದಂಡ್, ಮೂಂದ್, ಅಂಜಿ, ಎಟ್ಟ್, ಪತ್ತ್’ ತರಗತಿಯಲ್ಲಿ ಕೇಳಿಬಂದರೆ ತಿದ್ದಬೇಡಿ. ಅದು ಎಣಿಕೆ ಸರಿಯಾಗಿ ನಡೆಯುತ್ತಿದೆ ಎಂಬುದರ ಗುರುತು.

ಅಸ್ಸಾಮಿನಲ್ಲಿ ಒಂದೆರಡು ವರ್ಷ ಓದಿ ಬಂದ ಮಕ್ಕಳ ಪುಸ್ತಕ ನೋಡುವಾಗ ಒಂದು ವಿಷಯ ನೆನಪಿಡಿ. ಬಂಗಾಳಿ, ಅಸ್ಸಾಮಿ ಲಿಪಿಯ ನಾಲ್ಕು ನೋಡಲು ನಮ್ಮ 8ರಂತೆ ಇರುತ್ತದೆ, ಏಳು 9ರಂತೆ. ನಾಲ್ಕಕ್ಕೆ ಮೂರು ಕೂಡಿಸಿ ಆ ಮಗು 9 ಬರೆದಂತೆ ಕಂಡರೆ ಅದು ಬರೆದಿರುವುದು ಏಳನ್ನೇ ಇರಬಹುದು. ಗೀಟು ಹಾಕುವ ಮೊದಲು ‘ಇದೆಷ್ಟು, ಬೆರಳಲ್ಲಿ ತೋರಿಸು’ ಎಂದು ಕೇಳಿ.

‘ಮುನ್ನೂರ ಐದು’ ಎಂದರೆ 3005 ಬರೆಯುವುದು ಎಲ್ಲ ಭಾಷೆಯ ಮಕ್ಕಳಲ್ಲೂ ಇದೆ. ಕೇಳಿದ್ದನ್ನು ಕೇಳಿದ ಹಾಗೇ ಬರೆದಿದ್ದಾರೆ: ಮುನ್ನೂರಕ್ಕೆ 300, ಐದಕ್ಕೆ 5. ಇದಕ್ಕೆ ಚೀಟಿಗಳ ಜೋಡಣೆಗಿಂತ ಒಳ್ಳೆಯ ಮದ್ದಿಲ್ಲ. ಹಳೆಯ ಮದುವೆ ಕರೆಯೋಲೆಗಳ ದಪ್ಪ ಕಾಗದದಲ್ಲಿ ಒಂದೇ ಎತ್ತರದ ಪಟ್ಟಿ ಕತ್ತರಿಸಿ. ನೂರುಗಳಿಗೆ 9 ಸೆಂ.ಮೀ. ಅಗಲ, ಹತ್ತುಗಳಿಗೆ 6, ಬಿಡಿಗಳಿಗೆ 3. 100ರಿಂದ 900, 10ರಿಂದ 90, 1ರಿಂದ 9, ಒಟ್ಟು 27 ಚೀಟಿ. ಒಂದೊಂದು ಅಂಕಿಗೂ ಸರಿಯಾಗಿ 3 ಸೆಂ.ಮೀ. ಜಾಗ ಸಿಗಬೇಕು, ಇಲ್ಲದಿದ್ದರೆ ಒಂದರ ಮೇಲೊಂದು ಕೂರುವುದಿಲ್ಲ. 300ರ ಮೇಲೆ 5ನ್ನು ಬಲಅಂಚಿಗೆ ಸರಿಸಿ ಇಟ್ಟರೆ ಕೊನೆಯ ಸೊನ್ನೆ ಮುಚ್ಚಿ 305 ಕಾಣುತ್ತದೆ. ಮೇಲಿನ ಚೀಟಿ ಎತ್ತಿದರೆ ಆ ಸೊನ್ನೆ ಮತ್ತೆ ಕಾಣುತ್ತದೆ. ಎತ್ತಿ ನೋಡುವುದನ್ನು ಮಗು ಹತ್ತು ಸಲ ಮಾಡಲಿ.

ಭಿನ್ನರಾಶಿಯಲ್ಲಿ ಕನ್ನಡ ಒಂದು ಕಡೆ ನೆರವಾಗುತ್ತದೆ, ಇನ್ನೊಂದು ಕಡೆ ಕಾಡುತ್ತದೆ. ಕಾಲು, ಅರ್ಧ, ಮುಕ್ಕಾಲು ಎಂಬ ಪದಗಳಲ್ಲೇ ಲೆಕ್ಕವಿದೆ: ಮೂರು ಕಾಲು ಸೇರಿದರೆ ಮುಕ್ಕಾಲು. ಆದರೆ ‘ಮೂರನೇ ಎರಡು’ ಎಂದು ಕೇಳಿದ ಮಗು ಮೇಲೆ 3, ಕೆಳಗೆ 2 ಬರೆಯುತ್ತದೆ, ಏಕೆಂದರೆ ನಾವು ಕೆಳಗಿನದನ್ನು ಮೊದಲು ಹೇಳುತ್ತೇವೆ. ಇಂಗ್ಲಿಷಿನಲ್ಲಿ ‘ಟೂ ಥರ್ಡ್ಸ್’, ಮೇಲಿನದು ಮೊದಲು. ಎರಡೂ ಭಾಷೆ ಕಲಿಯುತ್ತಿರುವ ಮಗು ತಬ್ಬಿಬ್ಬಾಗದೆ ಇರುವುದು ಹೇಗೆ? ‘ಮೂರು ಪಾಲು ಮಾಡು, ಅದರಲ್ಲಿ ಎರಡು ತಗೋ’ ಎಂದು ಕೈಕೆಲಸದ ಕ್ರಮದಲ್ಲೇ ಹೇಳಿ. ಬರೆಯುವಾಗಲೂ ಮೊದಲು ಅಡ್ಡಗೆರೆ, ಆಮೇಲೆ ಕೆಳಗಿನ 3, ಕೊನೆಗೆ ಮೇಲಿನ 2. ಮಾತು, ಕೈ, ಬರವಣಿಗೆ ಮೂರೂ ಒಂದೇ ಹಾದಿಯಲ್ಲಿ ಹೋದರೆ ಗೊಂದಲ ನಿಲ್ಲುತ್ತದೆ.

ದಶಮಾಂಶಕ್ಕೆ ಪುಸ್ತಕಗಳು ರೂಪಾಯಿ ಪೈಸೆಯ ಉದಾಹರಣೆ ಕೊಡುತ್ತವೆ. ಇವತ್ತಿನ ಮಗು 5 ಪೈಸೆಯನ್ನು ಕೈಯಲ್ಲಿ ಹಿಡಿದೇ ಇಲ್ಲ. ಕೊಡಗಿನಲ್ಲಿ ಅದಕ್ಕಿಂತ ಒಳ್ಳೆಯದೊಂದು ಮನೆಬಾಗಿಲಲ್ಲೇ ಇದೆ: ಮಳೆ. ತೋಟದವರು ಈಗಲೂ ಮಳೆಯನ್ನು ಇಂಚು, ಸೆಂಟ್‌ಗಳಲ್ಲಿ ಬರೆದಿಡುತ್ತಾರೆ, ನೂರು ಸೆಂಟ್‌ಗೆ ಒಂದು ಇಂಚು. ಜಾಗದ ಅಳತೆಯೂ ಹಾಗೇ, ನೂರು ಸೆಂಟ್‌ಗೆ ಒಂದು ಎಕರೆ. ಎಕರೆ, ಗುಂಟೆ ಲೆಕ್ಕವಿರುವ ಜಿಲ್ಲೆಗಳಲ್ಲಿ ಎಕರೆಗೆ 40 ಗುಂಟೆ, ಅದು ದಶಮಾಂಶಕ್ಕೆ ಒಗ್ಗುವುದಿಲ್ಲ. ನಮ್ಮ ಸೆಂಟ್ ನೇರವಾಗಿ ಎರಡು ದಶಮಾಂಶ ಸ್ಥಾನ.

ಹೀಗೆ ಮಾಡಿ. ಸೋಮವಾರ 2 ಇಂಚು 5 ಸೆಂಟ್, ಮಂಗಳವಾರ 1 ಇಂಚು 40 ಸೆಂಟ್ ಮಳೆ. ಮಕ್ಕಳು 2.5 ಮತ್ತು 1.40 ಎಂದು ಬರೆದು 3.90 ಎನ್ನುತ್ತಾರೆ. ಆಗ ಬಾಯಲ್ಲಿ ಕೂಡಿಸಲು ಹೇಳಿ: ಎರಡು ಮತ್ತು ಒಂದು ಮೂರು ಇಂಚು, ಐದು ಮತ್ತು ನಲವತ್ತು ನಲವತ್ತೈದು ಸೆಂಟ್. ಹಾಗಾದರೆ ಬರೆದದ್ದರಲ್ಲಿ 45 ಸೆಂಟ್ ಮಳೆ ಎಲ್ಲಿಂದ ಜಾಸ್ತಿ ಬಂತು? ಐದು ಸೆಂಟನ್ನು 05 ಎಂದು ಬರೆಯಬೇಕಾದ ಕಾರಣವನ್ನು ಮಗು ತಾನೇ ಕಂಡುಕೊಳ್ಳುವುದು ಇಲ್ಲಿ. ಅಂಗಳದಲ್ಲಿ ಅಳೆಯುವುದಾದರೆ ಗೋಡೆ ನೇರವಾಗಿರುವ ಡಬ್ಬಿ ಬೇಕು. ಮರದಡಿ, ಸೂರಿನಡಿ ಇಡಬಾರದು. ಪ್ಲಾಸ್ಟಿಕ್ ಬಾಟಲಿ ಕತ್ತರಿಸಿ ಇಟ್ಟರೆ ತಳದ ಉಬ್ಬುತಗ್ಗಿನಿಂದ ಅಳತೆ ಕೆಡುತ್ತದೆ. ಅದೇ ಬೇಕಿದ್ದರೆ ನೇರ ಭಾಗ ಶುರುವಾಗುವವರೆಗೆ ನೀರು ತುಂಬಿ ಅಲ್ಲಿಗೆ ಸೊನ್ನೆ ಗುರುತು ಹಾಕಿ. ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ ನೋಡಿ, ಸ್ಕೇಲಿನಲ್ಲಿ ಮಿಲಿಮೀಟರ್ ಅಳೆದು, 25.4ಕ್ಕೆ ಒಂದು ಇಂಚು ಎಂದು ಐದನೇ ತರಗತಿಯ ಮಕ್ಕಳಿಗೆ ಹೇಳಬಹುದು. ಚಿಕ್ಕವರಿಗೆ ಮಿಲಿಮೀಟರ್ ಸಾಕು.

ಸೂತ್ರದ ಇನ್ನರ್ಧಕ್ಕೆ ಬರೋಣ: ಹೊಸ ಭಾಷೆಗೆ ಹಳೇ ಲೆಕ್ಕ. ನಾಲ್ಕನೇ ತರಗತಿಯ ಮಗುವಿಗೆ ಇಂಗ್ಲಿಷ್ ಹೇಳಿಕೊಡುವಾಗ ಎರಡನೇ ತರಗತಿಯ ಲೆಕ್ಕ ಬಳಸಿ. ‘ಗಿವ್ ಮಿ ಸಿಕ್ಸ್ ಸ್ಟಿಕ್ಸ್’, ‘ಟೇಕ್ ಅವೇ ಟೂ’, ‘ಹೌ ಮೆನಿ ಆರ್ ಲೆಫ್ಟ್?’ ಲೆಕ್ಕ ಸುಲಭವಾಗಿರುವುದರಿಂದ ಗಮನವೆಲ್ಲ ಮಾತಿನ ಮೇಲೆ. ಮೊದಲ ವಾರ ಮಗು ಕೇಳಿ ಮಾಡಿದರೆ ಸಾಕು, ಮಾತಾಡಬೇಕಿಲ್ಲ. ಎರಡನೇ ವಾರ ಮಕ್ಕಳೇ ಒಬ್ಬರಿಗೊಬ್ಬರು ಹೇಳಲಿ. ಬರೆಯುವುದು ಅದಾದ ಮೇಲೆ. ‘ಲೆಫ್ಟ್’ ಅಂದಾಗ ಎಡಗೈ ಎತ್ತುವ ಮಗು ಸಿಕ್ಕೇ ಸಿಗುತ್ತದೆ, ಆ ಪದಕ್ಕೆ ಎರಡು ಅರ್ಥ ಎಂದು ಅಲ್ಲೇ ಹೇಳಿ. ‘ಥರ್ಟೀನ್’, ‘ಥರ್ಟಿ’ಗಳನ್ನು ಕಟ್ಟು ತೋರಿಸದೆ ಹೇಳಿಕೊಡಬೇಡಿ. ಹದಿಮೂರರಲ್ಲಿ ಹತ್ತು ಮೊದಲು ಬರುತ್ತದೆ, ಥರ್ಟೀನ್‌ನಲ್ಲಿ ಮೂರು ಮೊದಲು. 13ರ ಬದಲು 31 ಬರೆಯುವುದು ಇದರಿಂದಲೂ ಹುಟ್ಟುತ್ತದೆ.

ಕನ್ನಡ ಓದಲು ತೊಡಗಿರುವ ಮಕ್ಕಳಿಗೂ ಇದೇ. ಪಕ್ಕದ ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಶುರುವಾದ ನಲಿಕಲಿ ಎಂಬ, ಕಾರ್ಡು ಮತ್ತು ಚಟುವಟಿಕೆಗಳ ಮೂಲಕ ಕಲಿಸುವ ಕ್ರಮ, ಅಕ್ಷರಗಳನ್ನು ಅಆಇಈ ಕ್ರಮದಲ್ಲಿ ಕಲಿಸದೆ ರ, ಗ, ಸ, ದ, ಅ ಎಂದು ಶುರು ಮಾಡಿತು, ಐದೇ ಅಕ್ಷರದಲ್ಲಿ ಸರ, ಗರಗಸ, ಅರಸ ಓದಿಸಬಹುದು. ಮನೆಮಾತು ಬೇರೆಯಾದ ಮಗುವಿಗೆ ‘ಗರಗಸ’ ಓದಲು ಬಂದರೂ ಅದೇನೆಂದು ಗೊತ್ತಿರುವುದಿಲ್ಲ. ಕಾರ್ಡು ಕೈಗೆ ಕೊಡುವ ಮೊದಲು ವಸ್ತುವನ್ನೋ ಚಿತ್ರವನ್ನೋ ತೋರಿಸಿ ಮನೆಮಾತಿನ ಹೆಸರು ಹೇಳಿಸಿ.

ಮನೆಯವರಿಗೆ ‘ಮನೆಯಲ್ಲಿ ಕನ್ನಡವೇ ಮಾತಾಡಿ’, ‘ಇಂಗ್ಲಿಷೇ ಮಾತಾಡಿ’ ಎಂದು ಸಲಹೆ ಕೊಡುವುದನ್ನು ದಯವಿಟ್ಟು ನಿಲ್ಲಿಸಬೇಕು. ಸರಿಯಾಗಿ ಬಾರದ ಭಾಷೆಯಲ್ಲಿ ಅಪ್ಪ ಅಮ್ಮ ಎರಡೇ ಮಾತಾಡುತ್ತಾರೆ: ಓದು, ಬರಿ. ಬರುವ ಭಾಷೆಯಲ್ಲಾದರೆ ಅಳತೆ, ತೂಕ, ಹೊತ್ತು, ದೂರ ಎಲ್ಲದರ ಬಗ್ಗೆ ಮಾತು ನಡೆಯುತ್ತದೆ. ಓದು ಬಾರದ ಅವ್ವನೂ ಮಗುವಿಗೆ ದಿನಾ ‘ಎಷ್ಟು? ಹೇಗೆ ಗೊತ್ತಾಯಿತು?’ ಎಂದು ಕೇಳಬಹುದು. ಅಷ್ಟು ಕೇಳಿ ಉತ್ತರ ಮುಗಿಯುವ ತನಕ ಕಾದರೆ ಅದು ದೊಡ್ಡ ಸಹಾಯ. ಓದಿಸಲು ಕೂರುವವರಿಗೆ ಇಪ್ಪತ್ತು ನಿಮಿಷ ಸಾಕು: ಐದು ನಿಮಿಷ ಹಳೆಯದು, ಹತ್ತು ನಿಮಿಷ ಒಂದೇ ಹೊಸ ವಿಷಯ, ಕೊನೆಯ ಐದು ನಿಮಿಷ ಮಗು ನಿಮಗೆ ಲೆಕ್ಕ ಕೊಡಬೇಕು. ಲೆಕ್ಕ ಕಟ್ಟುವಾಗಲೇ ಮಗುವಿನ ಭಾಷೆ ಬೆಳೆಯುವುದು, ಅದನ್ನು ಬಿಡಬೇಡಿ.

ಜೂನ್‌ನಿಂದ ಆಗಸ್ಟ್‌ವರೆಗೆ ಮಳೆ ರಜೆ, ಆಮೇಲೆ ಹಬ್ಬಗಳು, ನವೆಂಬರ್‌ನಿಂದ ಕುಯ್ಲು. ಇಲ್ಲಿನ ಶಾಲಾ ವರ್ಷ ತುಂಡು ತುಂಡಾಗಿಯೇ ಸಾಗುತ್ತದೆ. ವಾರ ಬಿಟ್ಟು ಬಂದ ಮಗುವನ್ನು ಮೊದಲ ಪಾಠಕ್ಕೆ ಹಿಂದೆ ಕಳಿಸಬೇಡಿ. ಮೇಲೆ ಹೇಳಿದ ನಾಲ್ಕು ಲೆಕ್ಕದ ಪರೀಕ್ಷೆ ಮಾಡಿ, ಮರೆತದ್ದು ಲೆಕ್ಕವೋ ಮಾತೋ ನೋಡಿ. ಬಹುತೇಕ ಮರೆತಿರುವುದು ಮಾತನ್ನು, ಅದು ಎರಡು ದಿನದಲ್ಲಿ ಮರಳುತ್ತದೆ.

ನಡುವರ್ಷದಲ್ಲಿ ಬೇರೆ ತೋಟಕ್ಕೋ ಬೇರೆ ರಾಜ್ಯಕ್ಕೋ ಹೊರಡುವ ಮಗುವಿನ ಕೈಯಲ್ಲಿ ವರ್ಗಾವಣೆ ಪತ್ರದ ಜೊತೆ ಒಂದು ಹಾಳೆ ಇಡಿ. ಯಾವ ಭಾಷೆಯಲ್ಲಿ ಎಣಿಸುತ್ತದೆ, ಎಷ್ಟರವರೆಗೆ. ಕಟ್ಟು ಬಿಚ್ಚಿ ಕಳೆಯಲು ಬರುತ್ತದೆಯೋ ಇಲ್ಲವೋ. ಯಾವ ಮಗ್ಗಿಯವರೆಗೆ ಬಂದಿದೆ. ಕನ್ನಡದ ಹತ್ತು ಪದಗಳಲ್ಲಿ ಯಾವುವು ಗೊತ್ತು. ಅಂಕಿಗಳನ್ನು ಮಗುವಿನ ಕೈಯಲ್ಲೇ ಬರೆಸಿ, ಮುಂದಿನ ಶಾಲೆಯ ಟೀಚರಿಗೆ ಅದರ 4 ಮತ್ತು 7 ಹೇಗಿರುತ್ತವೆ ಎಂದು ಮೊದಲೇ ಕಾಣಲಿ.